ವಿದ್ಯಾರ್ಥಿ ಲಾಗಿನ್ನಿನಲ್ಲಿ ಮಾತ್ರ

ಸೆಪ್ಟೆಂಬರ್ ೧, ಸೋಮವಾರ

ಇವತ್ತು ಲ್ಯಾಬಿನಲ್ಲಿ ಒಂದೇ ಒಂದು ಸಾಲು ಜಾವಾ ಬರೆಸಲು ಆಗಲಿಲ್ಲ. ಧಾರವಾಡದಿಂದ ಕಲಘಟಗಿವರೆಗೆ ಬಸ್ಸಿನಲ್ಲಿ ನಿಂತೇ ಹೋಗಿ, ಬೀಗ ತೆಗೆಸಿ, ಹುಡುಗರನ್ನೆಲ್ಲ ಕೂರಿಸಿ, "ಎಕ್ಲಿಪ್ಸ್ ತೆಗೀರಿ" ಅಂದೆ. ಜಾವಾ ಬರೆಯುವುದು ಆ ತಂತ್ರಾಂಶದಲ್ಲೇ. ಎಲ್ಲರ ಪರದೆಯ ಮೇಲೂ ಒಂದು ಕ್ಷಣ ಚಿತ್ರ ಮೂಡಿತು, ಮಾಯವಾಯಿತು. ಆಮೇಲೆ ಒಂದು ಸಣ್ಣ ಪೆಟ್ಟಿಗೆ. ಲೈಬ್ರರಿ ಲೋಡ್ ಆಗುತ್ತಿಲ್ಲವಂತೆ. ಒಬ್ಬರದ್ದಾದರೆ ಸರಿ. ಇಡೀ ಲ್ಯಾಬ್!

ರಜೆಯಲ್ಲಿ ಹುಬ್ಬಳ್ಳಿಯ ಕಂಪ್ಯೂಟರ್ ಏಜೆನ್ಸಿಯವರು ಬಂದು ಮಷೀನುಗಳನ್ನು ನಡೆಸುವ ಲಿನಕ್ಸನ್ನು ಹೊಸದು ಮಾಡಿಕೊಟ್ಟು ಹೋಗಿದ್ದಾರೆ. ಮಷೀನು ಮಷೀನಿಗೂ ತಮ್ಮ ಚೀಟಿ ಅಂಟಿಸಲು ಮರೆತಿಲ್ಲ. ಎಕ್ಲಿಪ್ಸ್ ತೆರೆಯುತ್ತದೋ ಇಲ್ಲವೋ ಎಂದು ಒಮ್ಮೆ ಒತ್ತಿ ನೋಡಲು ಮಾತ್ರ ಅವರಿಗೆ ಪುರುಸೊತ್ತಾಗಿಲ್ಲ.

ಪ್ರಿನ್ಸಿಪಾಲ್ ಮಡಿವಾಳೆಪ್ಪ ಸರ್ ಹತ್ತಿರ ಹೋಗಿ, ಲೈಬ್ರರಿ ಸಿಗುತ್ತಿಲ್ಲ ಅಂದೆ.

"ಲೈಬ್ರರಿ ಸಿಗವಲ್ದು ಅಂದ್ರ? ಮ್ಯಾಲಿನ ಮಾಳಿಗಿಮ್ಯಾಲ ಐತೆಲ್ರಿ ಮೇಡಂ, ಎಲ್ಲಿ ಹೋಕ್ಕೈತಿ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇದು ಪುಸ್ತಕದ ಕೋಣೆಯಲ್ಲ ಸರ್, ಬೇರೆಯವರು ಮೊದಲೇ ಬರೆದಿಟ್ಟ ಕೋಡು. ಕಿಟಕಿ ತೋರಿಸಲು, ಗುಂಡಿ ತೋರಿಸಲು ಎಕ್ಲಿಪ್ಸಿಗೆ ಅದು ಬೇಕು. ಎಲ್ಲೆಲ್ಲಿ ಹುಡುಕಬೇಕು ಎಂಬ ದಾರಿಯನ್ನು ನಾವು ಹೇಳಿಕೊಟ್ಟಿರುತ್ತೇವೆ, ಅದಕ್ಕೆ ಲೈಬ್ರರಿ ಪಾಥ್ ಅನ್ನುತ್ತಾರೆ ಎಂದು ವಿವರಿಸಿ ವಿವರಿಸಿ ಗಂಟಲು ಒಣಗಿತು. ಅವರು ಕೊನೆಗೆ, "ಅಂದ್ರ ಇವತ್ತ ಕ್ಲಾಸ್ ಆಗಲಿಲ್ಲ ಅಂದಂಗಾತು" ಅಂದರು. ನನ್ನ ತಪ್ಪು ಎಂಬಂತೆ.

ಇದು ಸಾಲದೆಂದು ಮಿಶ್ರಿಕೋಟಿಯಿಂದ ಬರುವ ಆ ಹುಡುಗಿ, ಕಿಟಕಿ ಪಕ್ಕದ ಮಷೀನಿನವಳು, ತಾಯವ್ವ, ಎದ್ದು ನಿಂತು, "ಮೇಡಂ, ಫೈಲ್ ಇಲ್ಲಂತೋ, ಇದ್ರೂ ಅದಕ್ಕ ಸಿಗವಲ್ದಂತೋ?" ಎಂದು ಕೇಳಿದಳು. ಇಡೀ ತರಗತಿ ನನ್ನ ಮುಖ ನೋಡಿತು. ಉತ್ತರ ಗೊತ್ತಿಲ್ಲದಾಗಲೇ ಇವಳಿಗೆ ಪ್ರಶ್ನೆ ಹುಟ್ಟುತ್ತದೆ.

ಸೆಪ್ಟೆಂಬರ್ ೨, ಮಂಗಳವಾರ

ಎಕ್ಲಿಪ್ಸ್ ತೆಗೆದುಹಾಕಿ ಮತ್ತೆ ಹಾಕಿದೆ. ಇಲ್ಲ. ಜಾವಾ ತೆಗೆದುಹಾಕಿ ಮತ್ತೆ ಹಾಕಿದೆ. ಇಲ್ಲ. ಅಂತರ್ಜಾಲದಲ್ಲಿ ಯಾರೋ ಒಬ್ಬ ಮಹಾನುಭಾವ, ಹೋಮ್ ಫೋಲ್ಡರಿನಲ್ಲಿ ಅಡಗಿರುವ ಒಂದು ಫೋಲ್ಡರನ್ನು ಅಳಿಸಿಬಿಡಿ, ಎಲ್ಲ ಸರಿಹೋಗುತ್ತದೆ ಎಂದು ಬರೆದಿದ್ದ. ಕೆಳಗೆ ನೂರಾರು ಜನ ಧನ್ಯವಾದ ಹೇಳಿದ್ದರು. ಅಳಿಸಿದೆ. ನನಗೆ ಮಾತ್ರ ಏನೂ ಸರಿಹೋಗಲಿಲ್ಲ.

ವಿಚಿತ್ರವೆಂದರೆ ನನ್ನ ಲಾಗಿನ್ನಿನಲ್ಲಿ ಎಕ್ಲಿಪ್ಸ್ ಚೆನ್ನಾಗಿ ತೆರೆಯುತ್ತದೆ. ಅದೇ ಮಷೀನು, ಅದೇ ಕೀಬೋರ್ಡು. ವಿದ್ಯಾರ್ಥಿಯ ಲಾಗಿನ್ನಿನಲ್ಲಿ ಒಳಹೋದರೆ ಮತ್ತೆ ಅದೇ ಪೆಟ್ಟಿಗೆ. ಹಾಗಾದರೆ ಹುಡುಗರೇ ಏನೋ ಮಾಡಿಕೊಂಡಿದ್ದಾರೆ. ಏಜೆನ್ಸಿಯ ಪ್ರತಾಪನಿಗೆ ಫೋನು ಮಾಡಿದರೆ ಅವನೂ ಅದನ್ನೇ ಹೇಳಿದ.

"ನಾವು ಅಗದಿ ಚೆಕ್ ಮಾಡೇ ಕೊಟ್ಟೇವ್ರಿ ಮೇಡಂ. ನಿಮ್ಮ ಹುಡುಗ್ರ ಏನರೆ ಮಾಡಿರಬೇಕು. ಗುರುವಾರ ಬರ್ತೇನ್ರಿ."

ಫೋನಿಟ್ಟು ತಿರುಗಿದರೆ ತಾಯವ್ವ ಕಪ್ಪು ಪರದೆ ತೆರೆದುಕೊಂಡು ಏನೇನೋ ಆಜ್ಞೆ ಟೈಪು ಮಾಡುತ್ತಿದ್ದಾಳೆ. ಮೊದಲೇ ಕೆಟ್ಟ ಮಷೀನು! ಎಲ್ಲರೆದುರು ಗದರಿದೆ. ಮುಚ್ಚಿದಳು. ಮುಖ ಸಣ್ಣದು ಮಾಡಿಕೊಳ್ಳಲಿಲ್ಲ, ಅದೂ ಸಿಟ್ಟು ತರಿಸಿತು.

ಸೆಪ್ಟೆಂಬರ್ ೪, ಗುರುವಾರ



ಪ್ರತಾಪ ಬಂದ. ಇಸ್ತ್ರಿಯ ಅಂಗಿ, ಕೊರಳಲ್ಲಿ ಏಜೆನ್ಸಿಯ ಗುರುತಿನ ಪಟ್ಟಿ. ಹುಡುಗರನ್ನು ಆಯಾ ಮಷೀನಿನ ಮುಂದೆ ನಿಲ್ಲಿಸಿ, ಯಾರು ಯಾರು ಕಪ್ಪು ಪರದೆ ಮುಟ್ಟಿದ್ದೀರಿ ಎಂದು ಕೇಳಿದ. ತಾಯವ್ವ ಒಬ್ಬಳೇ ಕೈ ಎತ್ತಿದಳು. ಉಳಿದವರೂ ಮುಟ್ಟಿದ್ದಾರೆ, ನನಗೆ ಗೊತ್ತು. ಒಬ್ಬರೂ ಎತ್ತಲಿಲ್ಲ. ಪ್ರತಾಪ ಅವಳ ಮಷೀನಿಗೆ ಕೂತು, ಅವಳು ಹಿಂದೆ ಟೈಪು ಮಾಡಿದ್ದ ಆಜ್ಞೆಗಳನ್ನು ಒಂದೊಂದಾಗಿ ಮೇಲೆ ತಂದ. ಪ್ರಿನ್ಸಿಪಾಲರನ್ನು ಕರೆಸಿದ.

"ನೋಡ್ರಿ ಸರ್. ಲೈಬ್ರರಿ ಪಾಥ್ ಬದಲು ಮಾಡ್ಯಾಳ. ಕಣ್ಣಿಗೆ ಕಾಣಸ್ತೈತಿ."

"ನಾ ಮಾಡೂದಕ್ಕಿಂತ ಮೊದ್ಲ ಕೆಟ್ಟಿತ್ರಿ ಸರ್. ಯಾಕ ಕೆಟ್ಟೈತಿ ಅಂತ ನೋಡಾಕತ್ತಿದ್ದೆ" ಅಂದಳು ತಾಯವ್ವ.

ನಾನು ನಡುವೆ ಬಾಯಿ ಹಾಕಿ, ಒಬ್ಬಳ ಮಷೀನಾದರೆ ಸರಿ, ಉಳಿದವು ಹೇಗೆ ಕೆಟ್ಟವು ಎಂದು ಕೇಳಿದೆ. "ನೆಟ್‌ವರ್ಕ್ ಐತೆಲ್ರಿ ಮೇಡಂ" ಅಂದ ಪ್ರತಾಪ, ಚಿಕ್ಕ ಮಕ್ಕಳಿಗೆ ಹೇಳುವಂತೆ. ಇದು ಶುದ್ಧ ಸುಳ್ಳು. ವಿದ್ಯಾರ್ಥಿಯ ಲಾಗಿನ್ನಿನಿಂದ ಪಕ್ಕದ ಮಷೀನಿನ ಒಂದು ಅಕ್ಷರ ಬದಲಿಸಲು ಬರುವುದಿಲ್ಲ. ಅದನ್ನು ಹೇಳಲು ಹೊರಟರೆ ಮಡಿವಾಳೆಪ್ಪ ಸರ್ ಆಗಲೇ "ವೈರಸ್ಸು, ವೈರಸ್ಸು" ಅನ್ನುತ್ತ ಕೋಣೆಯಿಂದ ಹೊರಟಿದ್ದರು. ಉಳಿದವರ ಮಷೀನುಗಳನ್ನು ಪ್ರತಾಪ ತೆರೆದೂ ನೋಡಲಿಲ್ಲ. ಕೆಟ್ಟದ್ದು ವಿದ್ಯಾರ್ಥಿಯಿಂದ, ನಾನೂ ನೋಡಿದ್ದೇನೆ ಎಂದು ಒಂದು ವರದಿ ಬರೆದು ನನ್ನ ಸಹಿಗೆ ಬಿಟ್ಟುಹೋದ.

ಮಧ್ಯಾಹ್ನದ ಹೊತ್ತಿಗೆ ನೋಟೀಸು ಬೋರ್ಡಿನ ಮೇಲಿತ್ತು. ತಾಯವ್ವ ಅಂದಾನೆಪ್ಪ ಮಾದರ, ಬಿ.ಸಿ.ಎ. ಮೂರನೆಯ ಸೆಮಿಸ್ಟರ್, ಕಾಲೇಜಿನ ಕಂಪ್ಯೂಟರುಗಳನ್ನು ಹಾಳು ಮಾಡಿರುವುದರಿಂದ ಪಾಲಕರು ಬಂದು ಕ್ಷಮಾಪಣೆ ಪತ್ರ ಕೊಡುವವರೆಗೆ ಲ್ಯಾಬಿಗೆ ಪ್ರವೇಶವಿಲ್ಲ. ಕೆಳಗೆ ಸಹಿ, ಸೀಲು. ಹೋಗಿಬರುವ ಹುಡುಗರೆಲ್ಲ ನಿಂತು ಓದುತ್ತಿದ್ದರು. ಇದೇ ತಿಂಗಳು ಆಂತರಿಕ ಪ್ರಾಯೋಗಿಕ ಪರೀಕ್ಷೆ ಇದೆ. ಲ್ಯಾಬಿಗೆ ಬಿಡದಿದ್ದರೆ ಅಂಕ ಎಲ್ಲಿಂದ ಬರಬೇಕು?

ಆ ಹುಡುಗಿಯಾದರೂ ನನ್ನನ್ನು ಒಂದು ಮಾತು ಕೇಳಿ ಟೈಪು ಮಾಡಬಾರದಿತ್ತೇ? ಕೈ ಎತ್ತದೆ ಸುಮ್ಮನೆ ನಿಲ್ಲಬಾರದಿತ್ತೇ?

ಸೆಪ್ಟೆಂಬರ್ ೫, ಶುಕ್ರವಾರ

ಈದ್ ಮಿಲಾದ್ ರಜೆ. ಸ್ಟಾಫ್ ಗುಂಪಿನಲ್ಲಿ ಪ್ರಿನ್ಸಿಪಾಲರಿಂದ ಶಿಕ್ಷಕರ ದಿನದ ಶುಭಾಶಯ, ಗುಲಾಬಿ ಹೂವಿನ ಸಮೇತ. ನಾನು ಉತ್ತರಿಸಲಿಲ್ಲ.

ಸೆಪ್ಟೆಂಬರ್ ೮, ಸೋಮವಾರ

ತಾಯವ್ವನ ತಂದೆ ಬಂದಿದ್ದರು. ಅಂದಾನೆಪ್ಪನವರು ದುಮ್ಮವಾಡದ ಪ್ರಾಥಮಿಕ ಶಾಲೆಯ ಮಾಸ್ತರರು. ಪ್ರಿನ್ಸಿಪಾಲರ ಕೋಣೆಯಲ್ಲಿ ನಿಂತೇ ಇದ್ದರು. ಇಬ್ಬರೂ ಮಾಸ್ತರರು, ಒಬ್ಬರು ಕೂತು, ಒಬ್ಬರು ನಿಂತು. ಎದುರಿಗೆ ಕುರ್ಚಿ ಖಾಲಿ ಇತ್ತು. ನನಗೆ ತಡೆಯಲಾಗದೆ ಅದನ್ನು ಸದ್ದು ಮಾಡಿ ಎಳೆದು, "ಕೂಡ್ರಿ ಸರ್" ಅಂದೆ. ಮಡಿವಾಳೆಪ್ಪ ಸರ್ ನನ್ನನ್ನು ನೋಡಿದರು. ನೋಡಲಿ.

"ನಿಮ್ಮ ಮಗಳು ಒಂದ್ ಪತ್ರ ಬರದ್ ಕೊಟ್ರ ಮುಗೀತು" ಅಂದರು ಪ್ರಿನ್ಸಿಪಾಲರು. "ನಾನೂ ಇದನ್ನ ಬೆಳಸೂ ಮನಷ್ಯಾ ಅಲ್ಲ."

"ಆಕಿ ಮಾಡಿದ್ರ ಬರದ್ ಕೊಡ್ತಾಳ್ರಿ" ಅಂದರು ಅಂದಾನೆಪ್ಪನವರು, ದನಿ ಏರಿಸದೆ. "ಉಳದ ಹುಡುಗ್ರ ಮಷೀನ್ ತಗದ್ ನೋಡಿದ್ರೇನ್ರಿ?"

"ಅದರ ಜರೂರ ಬೀಳಲಿಲ್ಲ."

"ಹೌದಲ್ರಿ" ಅಂದರು. ಅಷ್ಟೇ. ಆ ಒಂದೇ ಮಾತು ಬಸ್ಸಿನಲ್ಲಿ ಧಾರವಾಡದವರೆಗೂ ನನ್ನ ಜೊತೆ ಬಂತು.

ಹೊರಗೆ ಬಂದು ತಾಯವ್ವನನ್ನು ಪಕ್ಕಕ್ಕೆ ಕರೆದು ನಾನೇ ಹೇಳಿದೆ. ಬರೆದು ಮುಗಿಸು, ಪರೀಕ್ಷೆ ಬರೆ, ನಾಲ್ಕು ಸಾಲಿನ ಪತ್ರ, ನಾಳೆ ಯಾರಿಗೂ ನೆನಪಿರುವುದಿಲ್ಲ.

"ನನಗ ನೆನಪ ಇರತೈತಲ್ರಿ ಮೇಡಂ" ಅಂದಳು. "ಮಾಡಲಾರದ್ದನ್ನ ಮಾಡೇನಿ ಅಂತ ಹೆಂಗ ಬರೀಲ್ರಿ?"

ಎಂಥ ಹಟ! ಅವಳ ಒಳ್ಳೆಯದಕ್ಕೆ ಹೇಳಿದರೆ ನನಗೇ ತಿರುಗಿಸಿ ಹೇಳುತ್ತಾಳೆ.

ರಾತ್ರಿ ಊಟಕ್ಕೆ ಕೂತಾಗ ಗೌರೀಶನಿಗೆ ಎಲ್ಲ ಹೇಳಿದೆ. ನನ್ನ ಗಂಡನಿಗೆ ಊಟದ ಹೊತ್ತಿನಲ್ಲಿ ಜಗತ್ತಿನ ಎಲ್ಲ ಸಮಸ್ಯೆಗಳೂ ಸುಲಭ. "ನೀ ಅತಿಥಿ ಉಪನ್ಯಾಸಕಿ, ಶೈಲಾ. ವರ್ಷಾ ವರ್ಷಾ ನೇಮಕಾತಿ ಆರ್ಡರ್ ಪ್ರಿನ್ಸಿಪಾಲರ ಕೈಯಾಗ. ಏಜೆನ್ಸಿಯವ ಬರದದ್ದಕ್ಕ ಒಂದ್ ಸಹಿ ಹೊಡದ್ ಸುಮ್ಮನಾಗು" ಅಂದ. ನಾನು ನೋಡಿಲ್ಲದ್ದನ್ನು ನೋಡಿದ್ದೇನೆ ಎಂದು ಸಹಿ ಮಾಡಬೇಕೆ? ತಟ್ಟೆ ಬಿಟ್ಟು ಎದ್ದೆ. ಇಂಥ ಸಲಹೆ ಕೊಡಲು ಇವರಿಗೆಲ್ಲ ನಾಲಗೆಯಾದರೂ ಹೇಗೆ ಬರುತ್ತದೋ.

ಸೆಪ್ಟೆಂಬರ್ ೯, ಮಂಗಳವಾರ

ಸಿಕ್ಕಿತು. ಸಿಕ್ಕಿತು! ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಸಿಟ್ಟಿನಲ್ಲಿ ಎಲ್ಲ ಕಲಸಿಹೋಗುತ್ತದೆ.

ಬೆಳಿಗ್ಗೆ ತಾಯವ್ವನನ್ನು ಕರೆದುಕೊಂಡೇ ಲ್ಯಾಬಿಗೆ ಹೋದೆ. ಅಟೆಂಡರ್ ನಾಜಿಮಾ ಬಾಗಿಲಲ್ಲೇ ತಡೆದಳು. "ಮೇಡಂ, ಇಕಿನ್ನ ಒಳಗ ಬಿಡಬಾರ್ದಂತ ನೋಟೀಸ್ ಐತ್ರಿ. ನನ್ನ ಮ್ಯಾಲ ಬರತೈತಿ."

"ಇದು ನನ್ನ ಲ್ಯಾಬು. ಯಾರರೆ ಕೇಳಿದ್ರ ನನ್ನ ಹೆಸರ ಹೇಳು" ಅಂದೆ. ನಾಜಿಮಾ ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟು, ಏನೂ ಕಾಣದವಳಂತೆ ಕಾರಿಡಾರಿನ ಕಡೆ ಹೋದಳು.

ಎರಡು ಮಷೀನು ಪಕ್ಕಪಕ್ಕ. ಒಂದರಲ್ಲಿ ನನ್ನ ಲಾಗಿನ್, ಇನ್ನೊಂದರಲ್ಲಿ ತಾಯವ್ವನದು. ಅವತ್ತು ಏನು ಮಾಡಿದೆ, ಒಂದೂ ಬಿಡದೆ ಹೇಳು ಅಂದೆ.

"ಮೊದ್ಲ ಫೈಲ್ ಹುಡಕಿದ್ನ್ರಿ. ಸಿಕ್ತು, ಇದ್ದಲ್ಲೇ ಐತಿ. ಐತಿ ಅಂದ್ಮ್ಯಾಗ ಅದಕ್ಕ ಯಾಕ ಸಿಗವಲ್ದು ಅಂತ, ಅದರ ದಾರಿ ಲೈಬ್ರರಿ ಪಾಥಿಗೆ ಸೇರಿಸಿದ್ನಿ. ಆದ್ರೂ ಆಗಲಿಲ್ಲ."

"ಎಲ್ಲಿ ಸೇರಿಸಿದಿ?"

"ಕೊನಿಗೆ."

ಕೊನೆಗೆ. ನಾನು ಅವಳ ಮುಖ ನೋಡಿದೆ. ಕೊನೆಗೆ ಸೇರಿಸಬೇಕಾದರೆ ಅದಕ್ಕೂ ಮೊದಲು ಅಲ್ಲಿ ಏನಾದರೂ ಇರಬೇಕಲ್ಲ! "ಮೊದ್ಲ ಏನಿತ್ತು?" ಅಂದೆ.

"ಏನೋ ಒಂದ್ ದಾರಿ ಇತ್ರಿ. ಎಲ್ಲಾರಿಗೂ ಇರತೈತಿ ಅಂತ ತಿಳದಿದ್ದೆ."

ನನ್ನ ಲಾಗಿನ್ನಿನಲ್ಲಿ ಆ ಪಾಥನ್ನು ತೋರಿಸು ಎಂದು ಆಜ್ಞೆ ಕೊಟ್ಟೆ. ಖಾಲಿ ಸಾಲು. ಅವಳು ತನ್ನದರಲ್ಲಿ ಕೊಟ್ಟಳು. "ನಿಗಾ" ಎಂಬ ಹೆಸರಿನ ಫೋಲ್ಡರಿನ ದಾರಿ ಬಂತು. ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ ಎಂದು ತೋರಿಸುವ ಆಜ್ಞೆಯೊಂದಿದೆ. ಅದನ್ನು ಎರಡೂ ಕಡೆ ಓಡಿಸಿ ಸಾಲು ಸಾಲು ಹೋಲಿಸಿದೆವು. ಹೆಚ್ಚಿನವು ಒಂದೇ. ಒಂದು ಮಾತ್ರ ನನ್ನಲ್ಲಿ ಲಿನಕ್ಸಿನ ಸ್ವಂತ ಜಾಗದಿಂದ ಬರುತ್ತಿತ್ತು, ಅವಳಲ್ಲಿ ನಿಗಾ ಫೋಲ್ಡರಿನಿಂದ. ಹೆಸರು ಅದೇ, ಒಳಗಿರುವುದು ವರ್ಷಗಳಷ್ಟು ಹಳೆಯದು. ಎಕ್ಲಿಪ್ಸ್ ಕೇಳುವುದು ಅದರಲ್ಲಿ ಇಲ್ಲವೇ ಇಲ್ಲ. ಹುಡುಕುವಾಗ ಪಾಥಿನಲ್ಲಿ ಮೊದಲು ಸಿಕ್ಕಿದ್ದನ್ನೇ ಎತ್ತಿಕೊಳ್ಳುತ್ತದೆ. ತಾಯವ್ವ ಕೊನೆಗೆ ಏನು ಸೇರಿಸಿದರೂ ಅಲ್ಲಿಯವರೆಗೆ ಬರುವುದೇ ಇಲ್ಲ.

"ಅದನ್ನ ತಗದ್ ಬಿಡು" ಅಂದೆ. ಪಾಥನ್ನು ಖಾಲಿ ಮಾಡಿ ಎಕ್ಲಿಪ್ಸ್ ಓಡಿಸಿದಳು. ಚಿತ್ರ ಮೂಡಿತು. ಮಾಯವಾಯಿತು. ಕಿಟಕಿ ತೆರೆದುಕೊಂಡಿತು.

ತಾಯವ್ವ ನಗಲಿಲ್ಲ. "ಯಾರ್ ಹಾಕ್ಯಾರ್ರಿ ಇದನ್ನ?" ಎಂದು ಕೇಳಿದಳು.

ಹುಡುಕಿದೆವು. ಎಲ್ಲರೂ ಲಾಗಿನ್ ಆಗುವಾಗ ತಾನಾಗಿ ಓಡುವ ಕಡತಗಳಲ್ಲಿ ಒಂದು ಹೊಸದಿತ್ತು. ಒಳಹೋಗುವವರು ವಿದ್ಯಾರ್ಥಿಗಳ ಗುಂಪಿನವರಾಗಿದ್ದರೆ ಈ ದಾರಿಯನ್ನು ಹೊಂದಿಸು ಎಂದು ಬರೆದಿತ್ತು. ಮೇಲೆ ಏಜೆನ್ಸಿಯ ಹೆಸರು, ರಜೆಯ ದಿನದ ತಾರೀಖು. ನಿಗಾ ಅಂದರೆ ಹುಡುಗರು ಪರದೆಯ ಮೇಲೆ ಏನು ಮಾಡುತ್ತಿದ್ದಾರೆ ಎಂದು ಕದ್ದು ನೋಡುವ ತಂತ್ರಾಂಶ! ಅದಕ್ಕೆ ಬೇಕಾದ ಹಳೆಯ ಲೈಬ್ರರಿಯನ್ನು ತಂದು ಎಲ್ಲ ವಿದ್ಯಾರ್ಥಿಗಳ ದಾರಿಯಲ್ಲಿ ಅಡ್ಡ ಇಟ್ಟಿದ್ದಾರೆ. ನನ್ನನ್ನು ಕದ್ದು ನೋಡಬೇಕಿಲ್ಲವಾದ್ದರಿಂದ ನನಗೆ ಮಾತ್ರ ಎಲ್ಲ ನೆಟ್ಟಗಿತ್ತು. ಆ ಪ್ರತಾಪ, ತಾನೇ ಹಾಕಿದ ಕಡತ ಅಲ್ಲಿರುವಾಗ, ಅವಳ ಕಡೆ ಬೆರಳು ತೋರಿಸಿ ಹೋದ.

ಸಿಟ್ಟಿನಲ್ಲಿ ಎಲ್ಲ ಮಷೀನುಗಳನ್ನೂ ಇವತ್ತೇ ಸರಿಮಾಡಿದೆವು. ನಿಗಾದ ದಾರಿ ನಿಗಾಕ್ಕೆ ಮಾತ್ರ ಸಿಗಬೇಕು, ಬೇರೆ ಯಾರಿಗೂ ಅಲ್ಲ, ಹಾಗೆ ಬರೆದೆ. ಆಡಳಿತದ ಪಾಸ್‌ವರ್ಡ್ ಒತ್ತುವಾಗ ಪ್ರತಿಸಲ ತಾಯವ್ವ ತಾನಾಗಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ಸೆಪ್ಟೆಂಬರ್ ೧೦, ಬುಧವಾರ

ಮಡಿವಾಳೆಪ್ಪ ಸರ್ ಪೂರ್ತಿ ಕೇಳಿಸಿಕೊಂಡರು. ಮುದ್ರಿಸಿಕೊಂಡು ಹೋಗಿದ್ದ ಕಡತವನ್ನೂ ನೋಡಿದರು. ಆಮೇಲೆ, "ಛಲೋ ಆತು ಬಿಡ್ರಿ, ಎಲ್ಲಾ ಸುರಳೀತ ಆತಲ್ಲ. ನೋಟೀಸ್ ತಗಸ್ತೇನಿ" ಅಂದರು.

"ತಗದ್ರ ಸಾಲೂದಿಲ್ರಿ ಸರ್. ಆಕಿ ತಪ್ಪಿಲ್ಲ ಅಂತ ಇನ್ನೊಂದ್ ನೋಟೀಸ್ ಹಾಕಬೇಕು. ಅದ ಬೋರ್ಡಿಗೆ."

"ಅದ್ಯಾಕ್ರಿ? ಜನಾ ಮರತ್ ಬಿಡ್ತಾರ."

ನಿನ್ನೆ ಮೊನ್ನೆ ಇದೇ ಮಾತನ್ನು ಯಾರೋ ಹೇಳಿದ್ದರು ಅನ್ನಿಸಿತು. ಯಾರಾದರೇನು, ಕೇಳಿ ಮೈ ಉರಿಯಿತು. ಏಜೆನ್ಸಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಪ್ರತಾಪ ಒಂದಿಷ್ಟೂ ನಾಚದೆ, "ಹೌದ್ರಿ, ಅದು ಕಂಪನಿ ಸೆಟ್ಟಿಂಗ್, ಎಲ್ಲಾ ಕಾಲೇಜಿಗೂ ಹಂಗ ಹಾಕ್ತೇವಿ" ಅಂದ. ಹಾಗಾದರೆ ಆ ಹುಡುಗಿಯ ಹೆಸರು ಯಾಕೆ ಹೇಳಿದೆ ಎಂದು ಕೇಳಿದೆ. "ನಾ ಎಲ್ಲಿ ಹೇಳೇನ್ರಿ? ಕಮಾಂಡ್ ತೋರ್ಸಿದ್ನಿ ಅಷ್ಟ. ಬಾಕಿದ್ದು ಸರ್ ಮಾಡ್ಯಾರ."

ಸರ್ ಫೋನನ್ನು ಆರಿಸಿದರು. ಅವರ ಮುಖ ಕೆಂಪಾಗಿತ್ತು. ಆ ಸಿಟ್ಟು ಪ್ರತಾಪನ ಮೇಲೆ ಹೋಗುತ್ತದೆ ಅಂದುಕೊಂಡೆ. ನನ್ನ ಮೇಲೆ ಬಂತು. "ಮೇಡಂ, ನಿಮ್ಮ ಆರ್ಡರ್ ಬರೂ ತಿಂಗಳು ರಿನ್ಯೂ ಆಗೂದೈತಿ. ಪಾಠ ಮಾಡ್ರಿ. ಕಾಲೇಜ್ ನಡಸೂದು ನನಗ ಬಿಡ್ರಿ."

ಸಂಜೆ ನೋಡಿದರೆ ಬೋರ್ಡಿನ ಮೇಲೆ ನೋಟೀಸು ಇರಲಿಲ್ಲ. ನಾಲ್ಕು ಮೂಲೆಗಳಲ್ಲಿ ಅಂಟಿನ ಕಲೆ ಮಾತ್ರ.

ಸೆಪ್ಟೆಂಬರ್ ೧೧, ಗುರುವಾರ

ನಾನೇ ಬರೆದೆ. ದಪ್ಪ ಅಕ್ಷರದಲ್ಲಿ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ. ಲ್ಯಾಬಿನ ಕಂಪ್ಯೂಟರುಗಳು ಕೆಟ್ಟದ್ದು ಏಜೆನ್ಸಿಯವರು ರಜೆಯಲ್ಲಿ ಹಾಕಿದ ತಂತ್ರಾಂಶದಿಂದ. ಇದರಲ್ಲಿ ತಾಯವ್ವ ಅಂದಾನೆಪ್ಪ ಮಾದರ ಇವಳ ತಪ್ಪು ಏನೂ ಇಲ್ಲ. ದೋಷವನ್ನು ಹುಡುಕಿದವರಲ್ಲಿ ಅವಳೂ ಒಬ್ಬಳು. ಕೆಳಗೆ ನನ್ನ ಹೆಸರು, ಸಹಿ. ಸೀಲು ನನ್ನ ಹತ್ತಿರ ಇಲ್ಲ. ಆ ಅಂಟಿನ ಕಲೆಗಳ ಮೇಲೇ ಅಂಟಿಸಿದೆ.

ಮಧ್ಯಾಹ್ನ ಅಂದಾನೆಪ್ಪನವರು ಬಂದರು, ಶಾಲೆಯಲ್ಲಿ ಅರ್ಧ ದಿನ ರಜೆ ಕೇಳಿಕೊಂಡು. ಬೋರ್ಡಿನ ಮುಂದೆ ನಿಂತು, ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದರು. ಮತ್ತೆ ಓದಿದರು. ಆಮೇಲೆ ಮನೆಗೆ ಫೋನು ಹಚ್ಚಿ, "ಸುಮಂಗಲಾ, ಕೇಳಿಲ್ಲೆ" ಎಂದು ಹೆಂಡತಿಗೆ ಓದಿ ಹೇಳತೊಡಗಿದರು. ಮೊನ್ನೆ ಕೋಣೆಯಲ್ಲಿ ದನಿ ಏರಿಸದಿದ್ದ ಮನುಷ್ಯ, ತರಗತಿಯಲ್ಲಿ ಹಿಂದಿನ ಸಾಲಿಗೆ ಕೇಳುವ ಹಾಗೆ, ಪ್ರತಿ ಅಕ್ಷರವನ್ನು ಬಿಡಿಸಿ ಬಿಡಿಸಿ ಓದಿದರು. ಹುಡುಗರು ಸೇರಿದರು. ತಾಯವ್ವ ದೂರದ ಕಂಬದ ಹತ್ತಿರ ನಿಂತು ನೆಲ ನೋಡುತ್ತಿದ್ದಳು.

ಪ್ರಿನ್ಸಿಪಾಲರು ಬಾಗಿಲಿಗೆ ಬಂದರು. "ಮಾಸ್ತರ್ರ, ಇಷ್ಟ್ ದೊಡ್ಡ ದನಿಲೆ ಯಾಕ್ರಿ?"

ಅಂದಾನೆಪ್ಪನವರು ಫೋನನ್ನು ಎದೆಗೆ ಒತ್ತಿ ಹಿಡಿದರು. "ನನ್ನ ಮಗಳ ಹೆಸರ ಈ ಬೋರ್ಡಿನ ಮ್ಯಾಲ ಆರ್ ದಿನಾ ಇತ್ರಿ ಸರ್. ಓದಿದವ್ರೆಲ್ಲಾ ಇದನ್ನೂ ಕೇಳ್ಲಿ ಅಂತ."

ಮಡಿವಾಳೆಪ್ಪ ಸರ್ ಬೋರ್ಡಿನವರೆಗೆ ನಡೆದು ಬಂದರು. ಹರಿಯುತ್ತಾರೆ ಅಂದುಕೊಂಡು ನಾನು ಎರಡು ಹೆಜ್ಜೆ ಮುಂದೆ ಬಂದೆ. ಅವರು ಓದಿದರು. ಕೈ ಹಿಂದೆ ಕಟ್ಟಿಕೊಂಡೇ ಓದಿ, ಒಳಗೆ ಹೋದರು.

ಸಹಿ ಹಾಕಬಹುದಿತ್ತು. ಸೀಲು ಮೇಜಿನ ಮೇಲೇ ಇರುತ್ತದೆ.

ಸೆಪ್ಟೆಂಬರ್ ೧೨, ಶುಕ್ರವಾರ

ನನಗೆ ಮೆಮೊ ಬಂದಿದೆ. ಅನುಮತಿಯಿಲ್ಲದೆ ಬೋರ್ಡಿಗೆ ನೋಟೀಸು ಹಾಕಿದ್ದಕ್ಕೆ ಕಾರಣ ಕೇಳಿ. ನೋಟೀಸಿನಲ್ಲಿರುವುದು ನಿಜ ಎಂದು ಉತ್ತರ ಬರೆದು ಕೊಟ್ಟೆ. ಇನ್ನೊಂದು ಸಾಲು ಬರೆಯಲು ಮನಸ್ಸಾಗಲಿಲ್ಲ. ಗೌರೀಶ ಓದಿ, ನನಗೆ ಚಹಾ ಮಾಡಿಕೊಟ್ಟ.

ನೋಟೀಸು ಇನ್ನೂ ಬೋರ್ಡಿನ ಮೇಲಿದೆ. ನಾಜಿಮಾ ಹೋಗುವಾಗ ಬರುವಾಗ ಅದರ ಮೂಲೆಗಳನ್ನು ಒತ್ತಿ ಹೋಗುತ್ತಾಳೆ.

ಸೆಪ್ಟೆಂಬರ್ ೧೫, ಸೋಮವಾರ

ಮಷೀನು ಸರಿಯಾದ ಮೇಲೆ ಇವತ್ತೇ ಮೊದಲ ಲ್ಯಾಬ್ ತರಗತಿ, ಎಲ್ಲದರಲ್ಲೂ ಎಕ್ಲಿಪ್ಸ್ ತೆರೆಯಿತು. ಎರಡು ವಾರದ ಪಾಠವನ್ನು ಒಂದು ದಿನದಲ್ಲಿ ಹೊಡೆಯಬೇಕಾಗಿ ಬಂದು ಗಂಟಲು ಕೂತುಹೋಗಿದೆ. ಅರ್ಧ ವಿರಾಮ ಹಾಕದೆ ಕೋಡು ಬರೆದು, "ಮೇಡಂ, ಕೆಟ್ಟೈತಿ" ಅನ್ನುವವರೇ ಎಲ್ಲ. ಪರೀಕ್ಷೆ ತಲೆಯ ಮೇಲಿದೆ, ಇವರಿಗೆ ಲೂಪಿನ ಆವರಣ ಮುಚ್ಚಲು ಬರುವುದಿಲ್ಲ.

ಹಿಂದಿನ ಸಾಲಿನಲ್ಲಿ ಮಾಂತೇಶನ ಪ್ರೋಗ್ರಾಮು ಓಡಲಿಲ್ಲ. ಅವತ್ತು ಪ್ರತಾಪ ಕೇಳಿದಾಗ ಕೈ ಎತ್ತದವರಲ್ಲಿ ಅವನೂ ಒಬ್ಬ. "ಏ ತಾಯವ್ವಾ, ಬಾ ಇಲ್ಲೆ, ಇದೇನಾಗೈತಿ ನೋಡು" ಎಂದು ಕರೆದ.

ತಾಯವ್ವ ಎದ್ದು ಹೋದಳು. ಅವನ ಪರದೆ ನೋಡಿದಳು. ಏನಾಗಿದೆ ಎಂದು ಅವಳಿಗೆ ಕೂಡಲೇ ತಿಳಿಯಿತು, ನನಗೆ ಇಲ್ಲಿಂದಲೇ ಕಂಡಿತು. ಆದರೆ ಕೀಬೋರ್ಡಿನ ಕಡೆ ಹೋದ ಕೈ ಅರ್ಧದಲ್ಲೇ ನಿಂತಿತು. ಅದನ್ನು ಹಿಂದಕ್ಕೆ ತೆಗೆದು, ದುಪಟ್ಟಾದ ಅಂಚನ್ನು ಹಿಡಿದುಕೊಂಡು, ನನ್ನ ಕಡೆ ನೋಡಿದಳು. ಮುಟ್ಟಲೇ ಎಂದು.

ಈ ಹದಿನೈದು ದಿನದಲ್ಲಿ ಬಂದ ಸಿಟ್ಟೆಲ್ಲ ಒಂದು ಕಡೆ, ಆಗ ಬಂದದ್ದು ಒಂದು ಕಡೆ. ಯಾರ ಮೇಲೆ ಬಂತೆಂದು ಬರೆಯಲು ಹೊರಟರೆ ಈ ಪುಟ ಸಾಲದು.

"ನನ್ನ ಮಾರಿ ಏನ್ ನೋಡ್ತಿ?" ಎಂದು ಗದರಿದೆ. "ಮುಟ್ಟು!"